ಬಚ್ಚಿಟ್ಟ ಉಪಾಯ ಹೊರಬರಲು ಆರು ಹೆಜ್ಜೆ

ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರ ಹೊಲಿಗೆ ಸಾಲು ಎಂದುಕೊಳ್ಳಿ. ಜೇಬು ಓರೆಯಾಗದಿರಲೆಂದು ಟೈಲರ್ ಒಬ್ಬರು ರಟ್ಟಿನ ತುಂಡನ್ನು ಅಳತೆಗೆ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಪ್ರತಿ ಸಲ ಗುರುತು ಹಾಕುವ ಕೆಲಸ ತಪ್ಪಿ ಕೈ ಬೇಗ ಓಡುತ್ತದೆ. ಆದರೆ ಸೂಪರ್‌ವೈಸರ್ ಇತ್ತ ಬಂದರೆ ರಟ್ಟು ಬಟ್ಟೆಯ ಅಡಿಗೆ ಸೇರುತ್ತದೆ. ಕಂಡರೆ ನಾಳೆಯೇ ಟಾರ್ಗೆಟ್ ಏರುತ್ತದೆ ಎಂಬ ಅಳುಕು.

‘ನಮ್ಮವರಿಗೆ ತಲೆಯೇ ಓಡುವುದಿಲ್ಲ’ ಎಂದು ಗೊಣಗುವ ಮಾಲೀಕರು ಹುಡುಕಬೇಕಾದ್ದು ಇಂಥ ರಟ್ಟನ್ನು.

ಕೆಲಸಗಾರರ ಸಲಹೆ ಕೇಳುವ ಪದ್ಧತಿ ಹಳೆಯದು. ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಹಡಗು ಕಟ್ಟುತ್ತಿದ್ದ ಡೆನ್ನಿ ಕಂಪನಿ 1880ರಲ್ಲೇ ಅದಕ್ಕೆ ಬಹುಮಾನ ಇಟ್ಟಿತ್ತು. ಅಮೆರಿಕದ ಕೊಡಾಕ್ 1898ರಲ್ಲಿ 2 ಡಾಲರ್ ಕೊಟ್ಟದ್ದು, ಕಿಟಕಿ ತೊಳೆದರೆ ಬೆಳಕು ಚೆನ್ನಾಗಿ ಬೀಳುತ್ತದೆ ಎಂದ ಕೆಲಸಗಾರನಿಗೆ. ಈಗ ಬಿಡದಿಯಲ್ಲೂ ಕಾರು ತಯಾರಿಸುವ ಟೊಯೊಟಾ, ಜಪಾನಿನಲ್ಲಿ ತನ್ನ ಸಲಹಾ ಪದ್ಧತಿ ಆರಂಭಿಸಿದ್ದು 1951ರಲ್ಲಿ. ಪೀಣ್ಯದ ಹತ್ತು ಜನರ ಮೆಷಿನ್ ಶಾಪ್, ಊರಿನ ಬೇಕರಿ, ಸಹಕಾರ ಸಂಘದ ಕಚೇರಿ, ಎಲ್ಲಿ ಬೇಕಾದರೂ ಇದನ್ನು ಶುರು ಮಾಡಬಹುದು.

1. ಮೊದಲು ಮಾತು ಕೊಡಿ
ಸಲಹೆಯಿಂದ ಸಮಯ ಉಳಿದರೆ ಯಾರ ಕೆಲಸವೂ ಹೋಗುವುದಿಲ್ಲ, ಇಂತಿಷ್ಟು ತಿಂಗಳು ಟಾರ್ಗೆಟ್ ಏರಿಸುವುದಿಲ್ಲ ಎಂದು ಬರೆದು, ಸಹಿ ಹಾಕಿ, ನೋಟಿಸ್ ಬೋರ್ಡಿಗೆ ಅಂಟಿಸಿ. ಪಾಲಿಸಲಾಗದು ಎನ್ನಿಸಿದರೆ ಇಲ್ಲಿಗೇ ನಿಲ್ಲಿಸಿ. ಒಮ್ಮೆ ಮಾತು ತಪ್ಪಿದರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

2. ಇರುವುದನ್ನು ನೋಡಿ
ಒಂದು ವಾರ ದಿನಕ್ಕೆ ಅರ್ಧ ಗಂಟೆ ಸುಮ್ಮನೆ ಓಡಾಡಿ. ಮೆಷಿನ್ನಿಗೆ ಕಟ್ಟಿದ ದಾರ, ಡಬ್ಬಿಗೆ ಬಳಿದ ಬಣ್ಣ, ನೆಲದ ಮೇಲಿನ ಸೀಮೆಸುಣ್ಣದ ಗೆರೆ ಕಣ್ಣಿಗೆ ಬೀಳುತ್ತವೆ. ‘ಇದೇನು ಅವತಾರ?’ ಎನ್ನಬೇಡಿ; ‘ಇದರಿಂದ ಏನು ಅನುಕೂಲ?’ ಎಂದು ಕೇಳಿ.

3. ಪ್ರಶ್ನೆ ಚಿಕ್ಕದಾಗಿರಲಿ
‘ಐಡಿಯಾ ಕೊಡಿ’ ಎಂದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ‘ನಿನ್ನೆ ಯಾವುದಕ್ಕಾಗಿ ಪದೇ ಪದೇ ಎದ್ದು ಹೋದಿರಿ? ಯಾವ ಕೆಲಸಕ್ಕೆ ಬೆನ್ನು ನೋಯುತ್ತದೆ? ಒಂದೇ ಲೆಕ್ಕವನ್ನು ಎರಡು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೀರಾ?’ ಎಂದರೆ ಉತ್ತರ ತಾನಾಗಿ ಬರುತ್ತದೆ.

ತಪ್ಪು ಯಾರದು ಎಂದು ಹುಡುಕುವುದಕ್ಕಿಂತ ತಪ್ಪು ಹೇಗಾಗುತ್ತದೆ ಎಂದು ಹುಡುಕುವುದು ಮೇಲು. 1961ರಲ್ಲಿ ಜಪಾನಿನ ಒಂದು ಕಾರ್ಖಾನೆಯಲ್ಲಿ ಸ್ವಿಚ್ಚಿಗೆ ಎರಡು ಸ್ಪ್ರಿಂಗ್ ಹಾಕಬೇಕಿತ್ತು. ಒಮ್ಮೊಮ್ಮೆ ಒಂದು ಮರೆತುಹೋಗುತ್ತಿತ್ತು. ಎಂಜಿನಿಯರ್ ಶಿಗೆಯೊ ಶಿಂಗೊ ಹೇಳಿದ್ದಿಷ್ಟೆ: ಮೊದಲು ಎರಡೂ ಸ್ಪ್ರಿಂಗನ್ನು ಪುಟ್ಟ ತಟ್ಟೆಗೆ ಹಾಕಿ, ಆಮೇಲೆ ಜೋಡಿಸಿ. ತಟ್ಟೆಯಲ್ಲಿ ಉಳಿದ ಸ್ಪ್ರಿಂಗೇ ಮರೆವನ್ನು ತೋರಿಸಿಕೊಡುತ್ತದೆ.

4. ಹೇಳುವ ದಾರಿ ಸುಲಭವಿರಲಿ
ಅರ್ಧ ಹಾಳೆ, ಮೂರೇ ಸಾಲು: ಈಗ ಹೇಗಿದೆ, ಏನು ಬದಲಿಸಬೇಕು, ಏನು ಉಳಿಯುತ್ತದೆ. ಬರೆಯಲು ಬಾರದವರು ವಾಟ್ಸ್‌ಆ್ಯಪ್‌ನಲ್ಲಿ ತಮ್ಮ ಭಾಷೆಯಲ್ಲೇ ಮಾತಾಡಿ ಕಳಿಸಲಿ. ಹೇಳಿದವರ ಹೆಸರನ್ನು ಅಂದೇ ಬರೆದಿಡಿ. ಸಹಾಯಕರ ಉಪಾಯ ಮೇಸ್ತ್ರಿಯ ಹೆಸರಿಗೆ ದಾಟಿಹೋಗಬಾರದು.

5. ಏಳು ದಿನದಲ್ಲಿ ಉತ್ತರ ಕೊಡಿ
ಬೀಗ ತುಕ್ಕು ಹಿಡಿದ ಸಲಹೆ ಪೆಟ್ಟಿಗೆಗಳನ್ನು ನೋಡಿದ್ದೀರಲ್ಲ? ಉತ್ತರ ಬಾರದಿದ್ದರೆ ಸಲಹೆಯೂ ಬರುವುದಿಲ್ಲ. ಎಲ್ಲರಿಗೂ ಕಾಣುವ ಬೋರ್ಡಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಬಂದದ್ದು, ಪರೀಕ್ಷೆಯಲ್ಲಿರುವುದು, ಜಾರಿಯಾದದ್ದು, ಆಗದ್ದು. ಆಗದ್ದಕ್ಕೆ ಕಾರಣ ಬರೆಯಿರಿ. ಸಲಹೆ ಕೊಟ್ಟವರನ್ನು ಕರೆದು ಮುಖತಃ ಹೇಳಿ. ಐನೂರು ರೂಪಾಯಿಯೊಳಗಿನ ಖರ್ಚನ್ನು ಸೂಪರ್‌ವೈಸರೇ ಒಪ್ಪುವಂತಿದ್ದರೆ ಅರ್ಧ ಕಡತ ಮೇಲೆ ಹೋಗುವುದೇ ಇಲ್ಲ.

6. ಒಂದೇ ಮೇಜಿನಲ್ಲಿ ಪರೀಕ್ಷಿಸಿ
ಒಂದು ಮೆಷಿನ್, ಒಂದು ಶಿಫ್ಟ್, ಒಂದು ವಾರ. ಮೊದಲು ಎಷ್ಟು ಪೀಸ್ ಹಾಳಾಗುತ್ತಿತ್ತು, ಈಗ ಎಷ್ಟು ಎಂದು ಎಣಿಸಿ. ಸಲಹೆ ಕೊಟ್ಟವರೇ ಮುಂದೆ ನಿಂತು ಮಾಡಿಸಲಿ. ವಿದ್ಯುತ್, ರಾಸಾಯನಿಕ, ಮೆಷಿನ್ನಿನ ಗಾರ್ಡ್‌ಗೆ ಸಂಬಂಧಿಸಿದ್ದನ್ನು ಮಾತ್ರ ಬಲ್ಲವರು ಒಪ್ಪದೆ ಮುಟ್ಟಬಾರದು.

ಬಹುಮಾನ ಎಷ್ಟು?
ವರ್ಷಕ್ಕೊಮ್ಮೆ ಒಬ್ಬರಿಗೆ ದೊಡ್ಡ ಮೊತ್ತ ಕೊಟ್ಟರೆ ಉಳಿದವರಿಗೆ ಹೊಟ್ಟೆಯುರಿ. ಜಾರಿಯಾದ ಪ್ರತಿ ಸಲಹೆಗೂ ಚಿಕ್ಕ ಮೊತ್ತವನ್ನು ಆ ತಿಂಗಳೇ, ಎಲ್ಲರೆದುರು ಕೊಡಿ.

ಪದ್ಧತಿ ಬೇರು ಬಿಟ್ಟ ಮೇಲೆ, ಒಂದೇ ಕೆಲಸ ಮಾಡುವ ಆರೆಂಟು ಜನರ ಗುಂಪು ವಾರಕ್ಕೊಂದು ಗಂಟೆ ಕೂತು ತಮ್ಮ ತೊಂದರೆಗಳನ್ನು ತಾವೇ ಬಿಡಿಸಿಕೊಳ್ಳಲಿ. ಇದೇ ಕ್ವಾಲಿಟಿ ಸರ್ಕಲ್. ಇದರ ತರಬೇತಿಗೆಂದೇ ಭಾರತದಲ್ಲಿ ಕ್ವಾಲಿಟಿ ಸರ್ಕಲ್ ಫೋರಂ ಎಂಬ ಸಂಸ್ಥೆ 1982ರಿಂದ ಇದೆ.

ಆರು ತಿಂಗಳ ನಂತರ ಫಲ ಸಿಕ್ಕಿತೇ ಎಂದು ತಿಳಿಯಲು ಸಲಹೆಗಳನ್ನು ಎಣಿಸುತ್ತ ಕೂರಬೇಡಿ. ಆ ಹೊಲಿಗೆ ಸಾಲಿನತ್ತ ಒಮ್ಮೆ ನಡೆದು ಹೋಗಿ. ನೀವು ಹತ್ತಿರ ಬಂದ ಮೇಲೂ ರಟ್ಟು ಮೇಜಿನ ಮೇಲೇ ಇದೆಯೇ, ನೋಡಿ.