ನೆಡುವ ಮೊದಲು ಹೊಲ ನೋಡಿ: ಮರ ಉಳಿಸುವ ಏಳು ಸೂತ್ರಗಳು

ರಾಯಚೂರು ಜಿಲ್ಲೆಯಲ್ಲಿ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೂ ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೂ ನೀರು ತಂದಿವೆ. ಕಾಲುವೆ ಮುಟ್ಟದ ಹೊಲಗಳಿಗೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯೇ ಗತಿ. ಅಲ್ಲಿ ಜೂನ್‌ನಲ್ಲಿ ನೆಟ್ಟ ಸಸಿ ಮುಂದಿನ ಬೇಸಿಗೆ ದಾಟುವುದು ಕಷ್ಟ. ತಾನಾಗಿ ಹುಟ್ಟಿದ ಗಿಡದ ಬೇರು ಆಗಲೇ ಆಳಕ್ಕೆ ಇಳಿದಿರುತ್ತದೆ. ಅದರಿಂದಲೇ ಶುರು ಮಾಡಿ.

1. ಬೇಸಿಗೆಯಲ್ಲಿ ಹೊಲ ಸುತ್ತಿ. ಬೆಳೆ ತೆಗೆದ ಮೇಲೆ ಹಸಿರಾಗಿ ಉಳಿದದ್ದೆಲ್ಲ ಕಣ್ಣಿಗೆ ಬೀಳುತ್ತದೆ: ಬೇವು, ಬನ್ನಿ, ಕರಿಜಾಲಿ, ಬಾರಿ. ಉಳಿಸುವ ಗಿಡದ ಪಕ್ಕ ಎತ್ತರದ ಕೋಲು ನೆಟ್ಟು ಬಣ್ಣದ ಬಟ್ಟೆ ಕಟ್ಟಿ. ಟ್ರ್ಯಾಕ್ಟರ್ ಮೇಲೆ ಕೂತವರಿಗೆ ಮೊಣಕಾಲೆತ್ತರದ ಬೇವು ಕಾಣುವುದಿಲ್ಲ.

2. ಚಿಗುರು ಆರಿಸಿ. ಕಡಿದ ಬೊಡ್ಡೆಯಿಂದ ಹತ್ತಾರು ಚಿಗುರು ಒಡೆಯುತ್ತವೆ. ಎಲ್ಲ ಬಿಟ್ಟರೆ ಪೊದೆಯಾಗುತ್ತದೆ, ಎಲ್ಲ ಸವರಿದರೆ ಏನೂ ಉಳಿಯದು. ನೆಟ್ಟಗಿರುವ ಎರಡು ಮೂರನ್ನು ಬಿಟ್ಟು ಮಿಕ್ಕವನ್ನು ಹರಿತ ಕುಡುಗೋಲಿನಿಂದ ಬುಡಕ್ಕೆ ಕೊಯ್ಯಿರಿ. ಉಳಿಸಿದವುಗಳಲ್ಲಿ ಅರ್ಧ ಎತ್ತರದವರೆಗಿನ ಅಡ್ಡರೆಂಬೆ ತೆಗೆಯಿರಿ. ಪ್ರತಿವರ್ಷ ಇದನ್ನೇ ಮಾಡಿ. ಆಫ್ರಿಕಾದ ನೈಜರ್ ದೇಶದಲ್ಲಿ 1983ರ ಸುಮಾರಿಗೆ ಕೃಷಿ ತಜ್ಞ ಟೋನಿ ರಿನಾಡೊ ರೈತರ ಜತೆ ಆರಂಭಿಸಿದ್ದೂ ಇಷ್ಟೇ ಕೆಲಸ. ನರ್ಸರಿಯ ಹಂಗಿಲ್ಲದೆ ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರಗಳು ಮರಳಿದವು. ಆ ಸೀಮೆಗಿಂತ ಕೃಷ್ಣಾ-ತುಂಗಭದ್ರಾ ನಡುವಿನ ನಮ್ಮ ಎಡೆದೊರೆ ನಾಡಿನಲ್ಲಿ ಮಳೆ ಹೆಚ್ಚು. ನಮ್ಮಲ್ಲಿ ಯಾಕೆ ಆಗಬಾರದು?

3. ಹೊರಗಿನಿಂದ ಬಂದ ಬಳ್ಳಾರಿ ಜಾಲಿಗೆ ದಯೆ ಬೇಡ. ಹೊಲದಲ್ಲಿ ಕುರಿ ನಿಲ್ಲಿಸಿದರೆ ಗೊಬ್ಬರದ ಜತೆ ಅದರ ಬೀಜವೂ ಬರುತ್ತದೆ. ಮೊದಲ ಮಳೆಗೆ ಮಣ್ಣು ಮೆತ್ತಗಿರುವಾಗಲೇ ಕಿತ್ತುಬಿಡಿ. ನಾಡಿನ ಕರಿಜಾಲಿಯನ್ನು ಅದರ ಜತೆ ಕೀಳಬೇಡಿ.

4. ಬೇವೊಂದನ್ನೇ ನಂಬಬೇಡಿ. ಫೋಮಾಪ್ಸಿಸ್ ಶಿಲೀಂಧ್ರ ತಗುಲಿದರೆ ಬೇವಿನ ತುದಿಗಳು ಒಣಗುತ್ತವೆ, ಒಂದೇ ಜಾತಿಯಿದ್ದರೆ ಇಡೀ ಬದುವೇ ಬೋಳು. ಎರೆ ಹೊಲಕ್ಕೆ ಕರಿಜಾಲಿ, ಬನ್ನಿ ಹೊಂದುತ್ತವೆ. ಮಸಾರಿಗೆ ಕಮರ, ಹುಣಸೆ, ಸೀತಾಫಲ. ತಾನಾಗಿ ಬಾರದ ಜಾತಿಯನ್ನಷ್ಟೇ ನೆಡಿ.

5. ಎಳೆ ಗಿಡಗಳಿರುವ ಬದುವಿನಲ್ಲಿ ಹತ್ತಿ ಕಟ್ಟಿಗೆ ಸುಡಬೇಡಿ.

6. ನೆರಳಿನ ಭಯಕ್ಕೆ ಮರ ಕಡಿಯಬೇಡಿ, ರೆಂಬೆ ಸವರಿ. ಹಿಂಗಾರಿ ಜೋಳ ಬಿತ್ತುವ ಮುನ್ನ ಸವರಿದರೆ ಬೆಳೆಗೆ ಬಿಸಿಲು, ಆಡಿಗೆ ಸೊಪ್ಪು, ಒಲೆಗೆ ಕಟ್ಟಿಗೆ. ದಸರೆಯ ಬನ್ನಿಯೂ ಅದೇ ಹೊತ್ತಿಗೆ ಬೇಕಾಗುತ್ತದೆ. ಎಳೆ ಬನ್ನಿಯನ್ನು ಮಾತ್ರ ಮುಟ್ಟಬೇಡಿ.

7. ನೆಟ್ಟದ್ದಕ್ಕೆ ಹಣ ಕೇಳಿ. 2011-12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಅರಣ್ಯ ಇಲಾಖೆಯ ಸಸಿ ಒಯ್ದು ನೆಟ್ಟರೆ, ಬದುಕಿದ ಪ್ರತಿ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ. ತಾನಾಗಿ ಹುಟ್ಟಿದ್ದಕ್ಕೆ ಸಿಗದು. ಅದಕ್ಕೂ ಕೊಡಬೇಕೆಂದು ಗ್ರಾಮಸಭೆಯಲ್ಲಿ ಕೇಳಿ. ಬೇವು, ಹುಣಸೆ ದೊಡ್ಡದಾದ ಮೇಲೆ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು, ಬಳ್ಳಾರಿ ಜಾಲಿಗೆ ಬೇಡ. ರಾಯಚೂರು, ದೇವದುರ್ಗ, ಮಾನ್ವಿಯ ರೈತರು ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಮುಂಗಾರಿಗೆ ಮೊದಲೇ ವಲಯ ಅರಣ್ಯ ಕಚೇರಿಗೆ ಹೋಗಿ ಬನ್ನಿ.