ಚಾರ್ಮಾಡಿ ಇಳಿಯುವ ಕಾಲು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಧರ್ಮಸ್ಥಳದ ಹಾದಿಯಲ್ಲಿ ಸಿಗುವ ಮಲೆನಾಡಿನ ಮೂಡಿಗೆರೆಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಮಹಾಶಿವರಾತ್ರಿಯೊಳಗೆ ಧರ್ಮಸ್ಥಳ ಮುಟ್ಟಬೇಕೆಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆಯಿಂದ ಹೊರಡುವ ಪಾದಯಾತ್ರಿಗಳು ಈ ಲೆಕ್ಕವನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಸುಮಾರು 300 ಕಿಲೋಮೀಟರ್ ಹಾದಿಯಲ್ಲಿ ಬಹುಪಾಲು ಬಯಲುಸೀಮೆಯ ರಸ್ತೆ. ಬೆಟ್ಟ ಸಿಗುವುದು ಕೊನೆಗೆ, ಕೊಟ್ಟಿಗೆಹಾರ ದಾಟಿದ ಮೇಲೆ, ಚಾರ್ಮಾಡಿ ಘಾಟಿಯಲ್ಲಿ. ಅದೂ ಹತ್ತುವುದಕ್ಕಲ್ಲ, ಇಳಿಯುವುದಕ್ಕೆ.

ಆ ಹಾದಿ ನಡೆದು ನಾನು ಕಲಿತದ್ದು ಇದನ್ನೇ: ಚಾರ್ಮಾಡಿ ಘಾಟಿಗೆಂದು ಕಾಲನ್ನು ಉಳಿಸಿಕೊಂಡು ಹೋಗಬೇಕು.

ಉಳಿಸಿಕೊಳ್ಳುವ ಕೆಲಸ ಮೊದಲ ದಿನದಿಂದಲೇ ಶುರು. ಕೆಲವು ಗುಂಪುಗಳು ನೆಲಮಂಗಲದ ಹೆದ್ದಾರಿ ಹಿಡಿಯುತ್ತವೆ. ವಿಜಯನಗರದವರಿಗೆ ಮಾಗಡಿ ರಸ್ತೆಯೇ ಹತ್ತಿರ. ಸುಂಕದಕಟ್ಟೆ, ತಾವರೆಕೆರೆ, ಮಾಗಡಿ ಹಾದು ಕುಣಿಗಲ್ ಸೇರಬಹುದು. ಮುಂದೆ ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು. ಹೊರಟ ಹುರುಪಿನಲ್ಲಿ ಹುಡುಗರು ಓಡಿದಂತೆ ನಡೆಯುತ್ತಾರೆ, ಕುಣಿಗಲ್ಲಿಗೆ ಬರುವಷ್ಟರಲ್ಲಿ ಕುಂಟುತ್ತಾರೆ. ಅನುಭವಸ್ಥರು ಬೆಳಗಿನ ಜಾವ ಮೂರಕ್ಕೆ ಎದ್ದು ನಡೆದು, ಬಿಸಿಲೇರಿದ ಮೇಲೆ ಯಾವುದಾದರೂ ಛತ್ರದಲ್ಲೋ ತೋಪಿನಲ್ಲೋ ಮಲಗಿ, ಸಂಜೆ ಮತ್ತೆ ಹೆಜ್ಜೆ ಹಾಕುತ್ತಾರೆ. ದಾರಿಯುದ್ದಕ್ಕೂ ಊರವರು ಮಜ್ಜಿಗೆ, ಪಾನಕ, ಕೋಸಂಬರಿ ಹಿಡಿದು ನಿಂತಿರುತ್ತಾರೆ. ಉಪ್ಪು ಹಾಕಿದ ಆ ಮಜ್ಜಿಗೆ ಬೆವರಿನಲ್ಲಿ ಹೋದದ್ದನ್ನು ಮೈಗೆ ವಾಪಸು ಕೊಡುತ್ತದೆ. ಯಾರ ಮನೆಯ ಮಕ್ಕಳೆಂದು ಕೇಳದೆ ಕೈಗಿಡುವ ಆ ಲೋಟವನ್ನು ಮರೆಯುವುದು ಸಾಧ್ಯವಿಲ್ಲ.

ಕತ್ತಲಲ್ಲಿ ನಡೆಯುವವರು ರಸ್ತೆಯ ಬಲಬದಿ ಹಿಡಿದು, ಎದುರು ಬರುವ ವಾಹನ ಕಣ್ಣಿಗೆ ಬೀಳುವಂತೆ ಒಬ್ಬರ ಹಿಂದೆ ಒಬ್ಬರು ಸಾಗಬೇಕು. ಬೆಳಕಿಗೆ ಹೊಳೆಯುವ ಪಟ್ಟಿಯ ಜಾಕೆಟ್ಟು ಎಲ್ಲರ ಮೈಮೇಲೂ ಇರಲೇಬೇಕು; ಈ ವಿಷಯದಲ್ಲಿ ರಾಜಿ ಕೂಡದು.

ಬೊಬ್ಬೆ ಏಳುವುದು ಒದ್ದೆ ಕಾಲುಚೀಲದಿಂದ, ಹೊಸ ಬೂಟಿನಿಂದ. ತಂಗುವಲ್ಲೆಲ್ಲ ಕಾಲುಚೀಲ ಬದಲಿಸಿ, ಬೆರಳ ಸಂದಿಗೆ ವ್ಯಾಸಲೀನ್ ಹಚ್ಚಿಕೊಂಡವರು ಬೇಲೂರಿನ ತನಕ ನಗುತ್ತಲೇ ಬರುತ್ತಾರೆ. ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರಿಗೆ ಡಾಂಬರು ಕಾಯುವ ಮುನ್ನವೇ ಹಾದಿ ಸವೆಸುವುದೊಂದೇ ಉಪಾಯ.

ಇನ್ನು ಘಾಟಿ. ಏರುವಾಗ ದಮ್ಮು ಕಟ್ಟುತ್ತದೆ, ನಿಂತರೆ ಸರಿಹೋಗುತ್ತದೆ. ಇಳಿಯುವಾಗ ಹಾಗಲ್ಲ. ಮೈಭಾರವನ್ನು ತಡೆದು ಹಿಡಿಯುವ ತೊಡೆಯ ಸ್ನಾಯು ಬಿಗಿದುಕೊಂಡಿರುವಾಗಲೇ ಹಿಗ್ಗಬೇಕಾಗುತ್ತದೆ. ಅದರ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ. ನೋವು ಆಗ ತಿಳಿಯದೆ ಮರುದಿನ, ಅದರ ಮರುದಿನ ಏರುತ್ತದೆ. ಬೆರಳುಗಳು ಬೂಟಿನ ಮೂತಿಗೆ ಗುದ್ದಿ ಉಗುರು ಕಪ್ಪಾಗುತ್ತದೆ. ಆದ್ದರಿಂದ ಕೊಟ್ಟಿಗೆಹಾರದಲ್ಲೇ ಉಗುರು ಕತ್ತರಿಸಿ, ಪಾದ ಮುಂದೆ ಜಾರದಂತೆ ಲೇಸನ್ನು ಕಣಕಾಲಿನ ಹತ್ತಿರ ಬಿಗಿದು, ಕೋಲೂರಿ ಸಣ್ಣ ಸಣ್ಣ ಹೆಜ್ಜೆ ಇಡಬೇಕು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರು ಮುಂದಿರಲಿ.

ಈ ಘಾಟಿ ಬಲು ನಾಜೂಕು. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಇಲ್ಲಿ ವಾಹನ ಸಂಚಾರವೇ ನಿಂತಿತ್ತು. ಶಿವರಾತ್ರಿ ಹೊತ್ತಿಗೆ ಘಾಟಿಯ ಕಾಡು ಒಣಗಿ ತರಗೆಲೆಯಿಂದ ತುಂಬಿರುತ್ತದೆ. ಎಸೆದ ಒಂದು ಬೀಡಿ ತುಂಡು ಸಾಕು. ಅಣ್ಣಪ್ಪ ಸ್ವಾಮಿಯ ಗುಡಿಯೆದುರು ಕೈಮುಗಿಯುವ ಯಾತ್ರಿಕರು ಅಲ್ಲೇ ನೀರಿನ ಬಾಟಲಿ ಬಿಸಾಡುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಇಳಿಯುವುದಕ್ಕೂ ಅಭ್ಯಾಸ ಬೇಕು. ಪಾರ್ಕಿನಲ್ಲಿ ಸುತ್ತು ಹಾಕಿದರೆ ಅದು ಬರುವುದಿಲ್ಲ. ವಿಜಯನಗರ, ಅತ್ತಿಗುಪ್ಪೆ ಮೆಟ್ರೊ ನಿಲ್ದಾಣಗಳಲ್ಲಿ ಎಸ್ಕಲೇಟರ್ ಬಿಟ್ಟು ಮೆಟ್ಟಿಲಲ್ಲೇ ಇಳಿಯಬಹುದು. ಭಾನುವಾರ ಮಾಗಡಿ ಕಡೆಯ ಸಾವನದುರ್ಗಕ್ಕೆ ಹೋಗಿಬರಬಹುದು. ಎರಡು ತಿಂಗಳು ಹೀಗೆ ಮಾಡಿದವರ ತೊಡೆ ಚಾರ್ಮಾಡಿಯಲ್ಲಿ ನಡುಗುವುದಿಲ್ಲ.

ಘಾಟಿ ಮುಗಿದರೂ ಉಜಿರೆ ಇದೆ, ಅಲ್ಲಿಂದ ಧರ್ಮಸ್ಥಳಕ್ಕೆ ಇನ್ನೂ ಸುಮಾರು 9 ಕಿಲೋಮೀಟರ್ ಇದೆ. ನೇತ್ರಾವತಿಯಲ್ಲಿ ಮಿಂದು ಮಂಜುನಾಥನ ದರ್ಶನದ ಸಾಲಿನಲ್ಲಿ ನಿಲ್ಲಬೇಕು, ರಾತ್ರಿಯಿಡೀ ಜಾಗರಣೆ ಕೂರಬೇಕು. ಅದಕ್ಕೇ, ಮುಂದಿನ ಸಲ ಹೊರಡುವವರು ಕೇಳಿದಾಗಲೆಲ್ಲ, ಕೊಟ್ಟಿಗೆಹಾರದಲ್ಲಿ ಒಂದು ರಾತ್ರಿ ಕಣ್ತುಂಬ ನಿದ್ದೆ ಮಾಡಿ, ಬೆಳಕು ಹರಿದ ಮೇಲೆಯೇ ಘಾಟಿಗೆ ಕಾಲಿಡಿ ಎನ್ನುತ್ತೇನೆ.