ಕಡೂರು ಸೀಮೆಯಲ್ಲಿ ಕೂತು ವೆಬ್‌ಸೈಟ್ ಮಾಡುವವರಿಗೆ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ನನಗೆ ಗೊತ್ತಿರುವ ವೆಬ್ ಡಿಸೈನರ್‌ಗಳಲ್ಲಿ ಹೆಚ್ಚಿನವರು ನನ್ನ ಹಾಗೆ ಡಿಟಿಪಿ ಅಂಗಡಿಯಿಂದ ಬಂದವರು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ ಮಾಡುತ್ತಲೇ ವೆಬ್‌ಸೈಟಿಗೆ ಕೈ ಹಾಕಿದೆವು. ಗಿರಾಕಿಗಳೆಂದರೆ ಅಡಿಕೆ ಮಂಡಿಯವರು, ತೆಂಗಿನಕಾಯಿ ವ್ಯಾಪಾರಿಗಳು, ಕೆಮ್ಮಣ್ಣುಗುಂಡಿ ದಾರಿಯ ಹೋಂಸ್ಟೇಗಳು, ಶಾಲೆಗಳು, ದೇವಸ್ಥಾನ ಸಮಿತಿಗಳು. ಹೊಸದನ್ನು ಕಲಿಸಲು ಇಲ್ಲಿ ಯಾರೂ ಇಲ್ಲ. ಕೆಲಸ ಮಾಡುತ್ತಲೇ ಕಲಿಯಬೇಕು. ಹಾಗೆ ಕಲಿತದ್ದು ಇಷ್ಟು.

1. ಪಠ್ಯ ಮೊದಲು ಯುನಿಕೋಡಿಗೆ ಬರಲಿ. ನಾವು ಕೈ ಪಳಗಿಸಿಕೊಂಡದ್ದು ನುಡಿ, ಬರಹಗಳಲ್ಲಿ. ಅವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪುಟ ತೆರೆದರೆ ಕಾಣುವುದು ಗೋಜಲು ಚಿಹ್ನೆಗಳು. ಅದಕ್ಕೇ ಕನ್ನಡವನ್ನು ಚಿತ್ರ ಮಾಡಿ ಅಂಟಿಸುವ ರೂಢಿ ಬಂತು. ಆದರೆ ಚಿತ್ರದೊಳಗಿನ ಅಕ್ಷರ ಹುಡುಕಾಟಕ್ಕೆ ಸಿಗಲಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ದಕ್ಕಲಿಲ್ಲ. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಅದರ ಬಗ್ಗೆ ಎಷ್ಟು ಚೆನ್ನಾಗಿ ಬರೆದರೂ ಹುಡುಕುವವನಿಗೆ ಸಿಗದಿದ್ದರೆ ಏನು ಪ್ರಯೋಜನ? ಯುನಿಕೋಡಿನಲ್ಲಿರುವ ಪಠ್ಯ ವಿನ್ಯಾಸ ಎಷ್ಟು ಸಲ ಬದಲಾದರೂ ಹಾಗೇ ಉಳಿಯುತ್ತದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪಾಠ.

2. ಒಂದೇ ಕಂಪನಿಯ ಸಾಧನವನ್ನು ನಂಬಿ ಕೂರಬೇಡಿ. ಒಂದು ಕಾಲಕ್ಕೆ ಫ್ಲ್ಯಾಶ್ ಬಲ್ಲವನೇ ದೊಡ್ಡ ಡಿಸೈನರ್. ಐಫೋನ್ ಅದನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. 2020ರ ಡಿಸೆಂಬರ್ 31ಕ್ಕೆ ಅಡೋಬಿಯೇ ಬೆಂಬಲ ನಿಲ್ಲಿಸಿತು. ಆದರೆ ತೊಂಬತ್ತರ ದಶಕದಲ್ಲಿ ಬರೆದ ಸರಳ ಎಚ್‌ಟಿಎಂಎಲ್ ಪುಟ ಇವತ್ತೂ ತೆರೆಯುತ್ತದೆ. ಎಚ್‌ಟಿಎಂಎಲ್, ಸಿಎಸ್‌ಎಸ್ ಗಟ್ಟಿ ಮಾಡಿಕೊಂಡವನಿಗೆ ಯಾವ ಹೊಸ ಸಾಧನವೂ ಹೆದರಿಕೆ ಹುಟ್ಟಿಸುವುದಿಲ್ಲ.

3. ಮೊಬೈಲಿಗೆ ಮೊದಲು ಮಾಡಿ, ಕಂಪ್ಯೂಟರಿಗೆ ಆಮೇಲೆ. ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ವಿನ್ಯಾಸದ ಬಗ್ಗೆ ಈಥನ್ ಮಾರ್ಕಾಟ್ ಬರೆದದ್ದು 2010ರಲ್ಲಿ. ನಮ್ಮ ಹಳ್ಳಿಗಳಲ್ಲಿ ಅದರ ಅಗತ್ಯ ನಿಜವಾಗಿ ತಟ್ಟಿದ್ದು 2016ರಲ್ಲಿ ಜಿಯೋ ಬಂದ ಮೇಲೆ. ಅಡಿಕೆ ಒಣಗಿಸುವ ಕಣದಲ್ಲಿ ನಿಂತು, ಬಿಸಿಲಿನಲ್ಲೇ ಧಾರಣೆ ನೋಡುವ ರೈತನಿಗೆ ತಿಳಿಬೂದು ಅಕ್ಷರ ಕಾಣುವುದಿಲ್ಲ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಬೆರಳಿಗೆ ಸಿಗುವಷ್ಟು ದೊಡ್ಡ ಬಟನ್ ಕೊಡಿ. ಹೋಂಸ್ಟೇಯವರು ಕಳಿಸುವ ಫೋಟೋ ನಾಲ್ಕೈದು ಎಂಬಿ ಇರುತ್ತದೆ. ಕುಗ್ಗಿಸದೆ ಹಾಕಿದರೆ ಘಟ್ಟದ ತಿರುವಿನಲ್ಲಿ ಸಿಗ್ನಲ್‌ಗೆ ಪರದಾಡುವ ಪ್ರವಾಸಿ ಕಾಯದೆ ಮುಂದಕ್ಕೆ ಹೋಗುತ್ತಾನೆ.

4. ಇಂಗ್ಲಿಷಿನ ಅಳತೆಯನ್ನು ಕನ್ನಡಕ್ಕೆ ಹಾಕಬೇಡಿ. 'ಕೆಮ್ಮಣ್ಣುಗುಂಡಿ', 'ಕಲ್ಲತ್ತಿಗಿರಿ' ಎಂದು ಟೈಪ್ ಮಾಡಿ ನೋಡಿ. ಒತ್ತಕ್ಷರಗಳು ಕೆಳಗಿಳಿಯುತ್ತವೆ, ಮುಂದಿನ ಸಾಲಿನ ಗುಡಿಸು, ಏತ್ವಗಳು ಮೇಲೇರಿ ಬರುತ್ತವೆ. ರೆಡಿಮೇಡ್ ಥೀಮುಗಳನ್ನು ಮಾಡಿದವರು ಇದನ್ನು ಯೋಚಿಸಿರುವುದಿಲ್ಲ. ಸಾಲಿನ ಅಂತರವನ್ನು ಅಕ್ಷರದ ಗಾತ್ರದ ಒಂದೂಮುಕ್ಕಾಲು ಪಟ್ಟಿನಷ್ಟು ಇಟ್ಟರೆ ಓದು ಹಗುರ. ಅಕ್ಷರಗಳ ನಡುವೆ ಅಂತರ ಕೊಡುವ ಫ್ಯಾಷನ್ ಕನ್ನಡಕ್ಕೆ ಬೇಡ. ಪದ ಚದುರಿದಂತೆ ಕಾಣುತ್ತದೆ. 'ನೋಟೋ ಸಾನ್ಸ್ ಕನ್ನಡ', 'ಬಾಲೂ ತಮ್ಮ' ಮುಂತಾದ ಒಳ್ಳೆಯ ಫಾಂಟುಗಳು ಈಗ ಪುಕ್ಕಟೆಯಾಗಿ ಸಿಗುತ್ತವೆ. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲೂ ಬರೆಯಿರಿ.

5. ಡೊಮೈನ್ ಗಿರಾಕಿಯ ಹೆಸರಿನಲ್ಲೇ ಇರಲಿ. ಸೈಟಿನ ಸುರಕ್ಷತೆಯನ್ನು ಮಾತ್ರ ನೀವು ನೋಡಿಕೊಳ್ಳಿ. 2018ರ ಜುಲೈನಿಂದ ಕ್ರೋಮ್, ಎಚ್‌ಟಿಟಿಪಿಎಸ್ ಇಲ್ಲದ ಸೈಟುಗಳನ್ನೆಲ್ಲ ಸುರಕ್ಷಿತವಲ್ಲ ಎಂದು ಗುರುತಿಸುತ್ತಿದೆ. ಅದಕ್ಕೆ ಬೇಕಾದ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತ. ಅದಕ್ಕೆಂದು ದುಡ್ಡು ವಸೂಲು ಮಾಡುವುದು ಸರಿಯಲ್ಲ. ವರ್ಷದ ನಿರ್ವಹಣೆಗೆ ಮಾತ್ರ ಮೊದಲೇ ಮಾತಾಡಿ, ನ್ಯಾಯವಾದ ಹಣ ತೆಗೆದುಕೊಳ್ಳಿ.

6. ಈಗ ಎಐ ನಿಮಿಷದಲ್ಲಿ ಪುಟ ಮಾಡಿಕೊಡುತ್ತದೆ. ಬಳಸಿ, ದೂರ ಇಡುವುದರಿಂದ ಲಾಭವಿಲ್ಲ. ನಾನೂ ಕೋಡಿನ ಮೊದಲ ಕರಡಿಗೆ ಬಳಸುತ್ತೇನೆ. ಆದರೆ ಮಂಡಿಯ ಸೈಟಿನಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಇವುಗಳಲ್ಲಿ ಯಾವ ಧಾರಣೆ ಮೇಲೆ ಬರಬೇಕು, ಎಷ್ಟು ಹೊತ್ತಿಗೆ ಬದಲಾಗಬೇಕು ಎಂಬುದು ಮಂಡಿಯಲ್ಲಿ ಕೂತು ಕೇಳಿದವನಿಗೇ ಗೊತ್ತು. ಎಐ ಬರೆದ ಕನ್ನಡವನ್ನು ಒಮ್ಮೆ ಗಟ್ಟಿಯಾಗಿ ಓದಿ. ನಮ್ಮ ಕಡೆಯವರು ಆಡದ ಮಾತಿದ್ದರೆ ತಿದ್ದಿ. ಮುಂದೆ ನಮ್ಮ ಸಂಪಾದನೆ ಬರುವುದು ಈ ಕೇಳುವ, ತಿದ್ದುವ ಕೆಲಸದಿಂದಲೇ ಎಂದು ನನಗೆ ಖಾತ್ರಿಯಿದೆ.

ಬೀರೂರು, ಅಜ್ಜಂಪುರದ ಡಿಟಿಪಿ ಅಂಗಡಿಗಳಲ್ಲಿ ಕೂತಿರುವ ತಮ್ಮ, ತಂಗಿಯರಲ್ಲಿ ಒಂದು ಕೋರಿಕೆ. ನಿಮ್ಮ ಹಳೆಯ ಕಂಪ್ಯೂಟರುಗಳಲ್ಲಿ ಸ್ಥಳಪುರಾಣ, ಶಾಲೆಯ ಸ್ಮರಣ ಸಂಚಿಕೆ, ಸಂಘದ ವರದಿಗಳು ಹಳೆಯ ನುಡಿ ಫಾಂಟಿನಲ್ಲೇ ಉಳಿದಿರುತ್ತವೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹಾರ್ಡ್‌ಡಿಸ್ಕ್ ಕೆಡುವ ಮೊದಲು ಅವನ್ನು ಯುನಿಕೋಡಿಗೆ ಬದಲಿಸಿ, ಒಂದು ಪ್ರತಿಯನ್ನು ಅವರವರಿಗೆ ತಲುಪಿಸಿ.